ಹಸಿರು ಖಣದ ಫರಾಳ

ಅಂದಿನ ಫಜೀತಿಗೆಲ್ಲ ಮೂಲ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ. ಬೆಳಿಗ್ಗೆ ಏಳೂವರೆಯಾದರೂ ಅದು ಸಿಗಲಿಲ್ಲ. ಶಂಕರಲಿಂಗನ ಸೊಸೆ ರುತುಜಾ ಪಾತ್ರೆಗಳನ್ನೆಲ್ಲ ಮಗುಚಿದಳು, ಗ್ಯಾಸ್ ಸಿಲಿಂಡರಿನ ಹಿಂದೆ ಇಣುಕಿದಳು, ಕಡೆಗೆ ಬೇಸತ್ತು ಕಪಾಟಿನಲ್ಲಿ ಕೈಗೆ ಸಿಕ್ಕ ಹೊಸ ಬಟ್ಟೆಯೊಂದನ್ನು ಎಳೆದು, ಮಾವ ಹನ್ನೊಂದಕ್ಕೆ ತಿನ್ನುವ ಫರಾಳವನ್ನು ಅದರಲ್ಲೇ ಗಂಟು ಕಟ್ಟಿದಳು. ಆ ಬಟ್ಟೆ ಹಸಿರು ಕುಪ್ಪಸದ ಖಣ. ಒಳಗೆ ಕೊಬ್ಬರಿ ಬಟ್ಟಲು, ಬದಾಮಿ, ಗೋಡಂಬಿ, ಎರಡೇ ಎರಡು ಉತ್ತತ್ತಿ, ಒಂದು ಪೇರಲಹಣ್ಣು. ಹೀಗೆ ಐದು ಬಗೆ ಹಸಿರು ಖಣದಲ್ಲಿ ಸೇರಿದರೆ ಅದು ಏನಾಗುತ್ತದೆ ಎಂಬುದು ಅವಸರದಲ್ಲಿ ಅವಳಿಗೂ ಹೊಳೆಯಲಿಲ್ಲ, ಮಾವನಿಗೂ ಹೊಳೆಯಲಿಲ್ಲ.

"ಮಾಮಾ, ಇವತ್ತೊಂದ ದಿನ ಬಾಯಿ ಗಟ್ಟಿ ಹಿಡೀರಿ. ಸಂಜೀಕ ಆರಕ್ಕ ಡಾಕ್ಟರ್ ಕಡೆ ಹೋಗೋದೈತಿ," ಎಂದಳು ರುತುಜಾ.

"ಹಿಡೀತೇನವ್ವಾ, ಹಿಡೀತೇನಿ. ಹಿಡೀಲಿಲ್ಲಂದ್ರ ಸೂಜಿ ಐತಲ್ಲ," ಎಂದು ಶಂಕರಲಿಂಗ ಚೀಲ ಹೆಗಲಿಗೇರಿಸಿದ.

ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರದಲ್ಲಿ ಅವನ ಮನೆ, ಕಬನೂರಿನ ಬಾಪೂಸಾಹೇಬರ ಮಗ್ಗದ ಕಾರಖಾನೆಯಲ್ಲಿ ದಿವಾಣಜಿ ಕೆಲಸ. ಇಪ್ಪತ್ತೆರಡು ವರ್ಷದಿಂದ ಅಲ್ಲಿಯ ರಜಿಸ್ಟರನ್ನು ಬರೆದುಕೊಂಡು ಬಂದವನು. ಹಾವು ಕಂಡರೂ ಹೆದರದ ಶಂಕರಲಿಂಗ ಸೂಜಿ ಕಂಡರೆ ಮಾತ್ರ ಬೆವರುತ್ತಿದ್ದ. ತಿಂಗಳ ಹಿಂದೆ ಡಾಕ್ಟರ್ ಜಿನಪಾಲ, "ತಿಂಗಳದಾಗ ಸಕ್ಕರಿ ಇಳೀಲಿಲ್ಲಂದ್ರ ದಿನಾ ಸೂಜಿ ತಗೋಬೇಕಾಗತೈತಿ ನೋಡ್ರಿ," ಎಂದದ್ದೇ ತಡ, ಅವನ ನಿದ್ದೆ ಹಾರಿಹೋಗಿತ್ತು. ಮೂರು ದಿನದ ಹಿಂದೆ ಎಲ್ಲ ತಪಾಸಣೆಗೂ ಸೇರಿ ರಕ್ತ ಕೊಡಲು ಹೋದಾಗಂತೂ ಸೂಜಿ ಇನ್ನೂ ಒಂದು ಗೇಣು ದೂರವಿರುವಾಗಲೇ ಕಂಪೌಂಡರನನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದಿದ್ದ. ರಕ್ತ ತೆಗೆದದ್ದು ಬಿದ್ದಲ್ಲೇ.

ಸೂಜಿಯ ಮಾತು ಬಂದ ದಿನವೇ ಕೈ ಹಿಡಿದವಳು ರುತುಜಾ. ಮೊಬೈಲಿನಲ್ಲಿ ಹುಡುಕಿ ಪ್ಯಾಲಿಯೊ ಎಂಬ ಪಥ್ಯ ತಂದಳು. ಬೇಸಾಯ ಹುಟ್ಟುವ ಮೊದಲು ಆದಿಮಾನವ ಏನು ತಿನ್ನುತ್ತಿದ್ದನೋ ಅದಷ್ಟೇ ತಿನ್ನಬೇಕಂತೆ. ರೊಟ್ಟಿ ಇಲ್ಲ, ಅನ್ನ ಇಲ್ಲ, ಬೇಳೆ ಇಲ್ಲ, ಹಾಲು ಮೊಸರು ಇಲ್ಲ, ಸಕ್ಕರೆ ಬೆಲ್ಲವಂತೂ ಕನಸಿನಲ್ಲೂ ಇಲ್ಲ. ಆದಿಮಾನವ ತಿನ್ನುತ್ತಿದ್ದ ಮಾಂಸ, ತತ್ತಿಗಳನ್ನು ಶಂಕರಲಿಂಗನ ಹೆಂಡತಿ ಗೌರವ್ವ ಹೊಸ್ತಿಲಾಚೆಯೇ ತಡೆದಳು. ಉಳಿದದ್ದು ಕಾಯಿಪಲ್ಲೆ, ಹಣ್ಣು, ಬೀಜ. ಎರಡು ಹೊತ್ತಿನ ಊಟ ಹೇಗೋ ಸಾಗುತ್ತಿತ್ತು. ಕಷ್ಟವೆಲ್ಲ ಹನ್ನೊಂದು ಗಂಟೆಯದು. ಕಾರಖಾನೆಗೆ ಖಾರದ ಚುರುಮುರಿ ಭಡಂಗ, ವಡಾಪಾವ್ ಬರುವ ಹೊತ್ತಿಗೆ ಇವನು ಏನು ತಿನ್ನಬೇಕು? ಸೌತೆಕಾಯಿ ಒಯ್ದರೆ ಚೀಲದಲ್ಲಿ ಅಪ್ಪಚ್ಚಿಯಾಗಿ ರಜಿಸ್ಟರು ತೊಯ್ದಿತು. ಗೆಣಸಿಗೆ ಇರುವೆ ಮುತ್ತಿದವು. ಶೇಂಗಾ ಇದೆಯಲ್ಲ ಎಂದು ಖುಷಿಪಟ್ಟರೆ, "ಶೇಂಗಾ ಕಾಳಿನ ಜಾತಿ ಅಂತ ಮಾಮಾ, ನಡಿಯಂಗಿಲ್ಲ," ಎಂದು ರುತುಜಾ ಅಂಗೈಯಿಂದ ಕಸಿದಳು. ಕೊನೆಗೆ ಒಂದು ಬೆಳಿಗ್ಗೆ ಅವಳೇ ಕೊಬ್ಬರಿ, ಬದಾಮಿಯ ದಾರಿ ಕಂಡುಹಿಡಿದಳು. ಕೆಡುವುದಿಲ್ಲ, ಸೋರುವುದಿಲ್ಲ, ಹೊಟ್ಟೆಗೂ ಆಧಾರ.

ಹೆತ್ತ ಮಗ ವಿಶಾಲ "ಸಂಭಾಳಿಸ್ಕೊಂಡು ಇರ್ರಿ ಪಪ್ಪಾ" ಅಂದು ತನ್ನ ಪಾಳಿಗೆ ಹೋಗುತ್ತಿದ್ದ. ಮನೆಗೆ ಬಂದು ಎಂಟು ತಿಂಗಳಾದ ಈ ಹುಡುಗಿ ದಿನಾ ಎಣಿಸಿ ಹನ್ನೆರಡು ಬದಾಮಿ ನೆನೆಹಾಕಿ ಸಿಪ್ಪೆ ಸುಲಿದು ಒಣಗಿಸಿ ಕೊಡುತ್ತಿದ್ದಳು. ಅದನ್ನು ನೆನೆದಾಗೆಲ್ಲ ಶಂಕರಲಿಂಗ, ಈ ಋಣಕ್ಕಾದರೂ ಸಕ್ಕರೆ ಇಳಿಯಲೇಬೇಕು ಎಂದುಕೊಳ್ಳುತ್ತಿದ್ದ.

ಹನ್ನೊಂದಾಯಿತು. ಶಂಕರಲಿಂಗ ಮೇಜಿನ ಮೇಲೆ ಗಂಟು ಬಿಚ್ಚಿದ. ಕೊಬ್ಬರಿ ಮುರಿಯಬೇಕು ಎನ್ನುವಷ್ಟರಲ್ಲಿ ಕಾಂಡಿಗೆ ನೂಲು ಸುತ್ತುವ ದುರ್ಗವ್ವ ಬಾಗಿಲಲ್ಲಿ ನಿಂತಳು.

"ಅಯ್ಯ ನಮ್ಮವ್ವಾ! ಉಡಿ ಸಾಮಾನಾ? ಯಾರಿಗ್ರಿ ದಿವಾಣಜಿ?"

"ಯಾರಿಗೂ ಅಲ್ಲವಾ, ನನಗ. ತಿನ್ನಾಕತ್ತೇನಿ."

"ನಿಮಗ ಉಡಿ ತುಂಬತಾರೇನ್ರಿ?" ದುರ್ಗವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಹಸರ ಖಣ, ಐದು ಜಾತಿ ಜಿನಸು... ಸೊಸಿಗೆ ದಿನ ಹೋಗ್ಯಾವು, ಹೌದಲ್ರಿ?"

ಶಂಕರಲಿಂಗ ಕುರ್ಚಿಯಿಂದ ಅರ್ಧ ಎದ್ದ. "ಇಲ್ಲ ಇಲ್ಲ! ಇದು ಡಾಯಟ್! ಆದಿಮಾನವರು ತಿಂತಿದ್ದರಲ್ಲ, ಅದು. ನನ್ನ ಸಕ್ಕರಿ ಸಲುವಾಗಿ."

"ದೃಷ್ಟಿ ಆಗಬಾರದು ಅಂತ ಮುಚ್ಚಿಡಾಕತ್ತೀರಿ. ತಿಳೀತೈತ್ರಿ ನನಗ. ನಾಕು ಹಡದಾಕಿ ನಾನು." ಅಷ್ಟರಲ್ಲಿ ಅವಳ ಕಣ್ಣು ಅವನ ಕೈಯಲ್ಲಿದ್ದ ಕೊಬ್ಬರಿಯ ಮೇಲೆ ಬಿತ್ತು. "ಏ ಏ! ಉಡಿ ತುಂಬೂಕಿಂತ ಮೊದಲ ಬಾಯಿಗೆ ಹಾಕ್ಕೋತಾರೇನ್ರಿ? ಗಂಡಸರ ಕೈಯಾಗ ಕೊಟ್ಟವರಿಗೆ ಬುದ್ಧಿಲ್ಲ!"

ಕೊಬ್ಬರಿ ಕಸಿದುಕೊಂಡು, ಗಂಟು ಮತ್ತೆ ಕಟ್ಟಿ, ಗೋಡೆಯ ಲಕ್ಷ್ಮಿ ಫೋಟೋದ ಮುಂದಿಟ್ಟು, ಕೈಮುಗಿದು ಹೋದಳು. ಹಸಿದ ಶಂಕರಲಿಂಗ ಲಕ್ಷ್ಮಿಯನ್ನು ನೋಡುತ್ತ ಕುಳಿತ. ದೇವರ ಮುಂದಿಟ್ಟದ್ದನ್ನು ಕದ್ದು ತಿನ್ನುವಷ್ಟು ಎದೆಗಾರಿಕೆ ಅವನ ವಂಶದಲ್ಲಿ ಯಾರಿಗೂ ಇರಲಿಲ್ಲ.

ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ಆದ್ದರಿಂದ ಅಲ್ಲಿಯ ನೇಕಾರರು ಮಾತಾಡುವುದೆಲ್ಲ ಕೈಸನ್ನೆಯಲ್ಲೇ. ದುರ್ಗವ್ವ ದೂರದಿಂದ ನೇಕಾರ ರಾಯಪ್ಪನಿಗೆ ಆಫೀಸಿನ ಕಡೆ ತೋರಿಸಿ, ಹೊಟ್ಟೆಯ ಮುಂದೆ ಗುಂಡಗೆ ಕೈ ಆಡಿಸಿ, ತೊಟ್ಟಿಲು ತೂಗಿದಳು. ರಾಯಪ್ಪ ಮುಂದಿನ ಮಗ್ಗದವನಿಗೆ ತೂಗಿದ. ಐದು ನಿಮಿಷದಲ್ಲಿ ಇಪ್ಪತ್ತನಾಲ್ಕು ಮಗ್ಗಗಳ ನಡುವೆ ಎಲ್ಲರೂ ತೊಟ್ಟಿಲು ತೂಗುತ್ತಿದ್ದರು.

ಹನ್ನೆರಡಕ್ಕೆ ಬಾಪೂಸಾಹೇಬರೇ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. "ಅಭಿನಂದನ್, ಅಜ್ಜಾ ಆಗಾವ್ರು! ತೆಗೀರಿ ಬಾಯಿ!"

"ಸಾಹೇಬ್ರ, ನನಗ ನಡಿಯಂಗಿಲ್ಲರೀ..."

"ಮೊಮ್ಮಗನ ಪೇಢೆ ಬ್ಯಾಡ ಅಂತೀರಿ?" ಪೇಢೆ ತುಟಿಗೆ ತಾಗಿತು. ಸೂಜಿಯೂ ಕಣ್ಣ ಮುಂದೆ ಬಂತು. ಶಂಕರಲಿಂಗನ ಬಾಯಿಂದ ಸುಳ್ಳೊಂದು ತಾನೇ ಜಿಗಿಯಿತು. "ಹರಕಿ ಐತ್ರಿ! ಸಂಜಿ ಆರರತನಕ ಏನೂ ಮುಟ್ಟಂಗಿಲ್ಲ!"

ಬಾಪೂಸಾಹೇಬರು ಪೇಢೆ ಕೆಳಗಿಳಿಸಿದರು. ಅವರ ಕಣ್ಣು ಒದ್ದೆಯಾದವು. "ಕೂಸಿನ ಸಲುವಾಗಿ ಉಪಾಸ ಅದೀರಿ? ಅದಕ್ಕ ತಿಂಗಳದಾಗ ಇಷ್ಟು ಸೊರಗೀರಿ!" ಇನ್ನು ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಇವತ್ತು ದಿವಾಣಜಿಯ ಹರಕೆ ಕೆಡದಂತೆ ನೋಡಿಕೊಳ್ಳಬೇಕೆಂದು ಅವರು ರಾಯಪ್ಪನನ್ನೇ ಕಾವಲಿಗೆ ಕೂರಿಸಿದರು. ಮಧ್ಯಾಹ್ನದ ಪಲ್ಲೆಯ ಡಬ್ಬಿಗೆ ಕೈ ಹಾಕಿದರೆ ರಾಯಪ್ಪ, "ದಿವಾಣಜಿ, ದೇವರು ನೋಡಾಕತ್ತಾನ್ರಿ," ಎನ್ನುತ್ತಿದ್ದ. ನೀರು ಮಾತ್ರ ಎಷ್ಟು ಬೇಕಾದರೂ ತಂದುಕೊಟ್ಟ.

ಎರಡು ಗಂಟೆಗೆ ಫೋನು. ಗಡಹಿಂಗ್ಲಜದ ತವರಿಗೆ ಹೋಗಿದ್ದ ಗೌರವ್ವ. ಸುದ್ದಿ ಮುಟ್ಟಿಸಿದವಳು ಅಲ್ಲೇ ಇರುವ ರಾಯಪ್ಪನ ಹೆಂಡತಿಯ ತಂಗಿ.

"ಏನ್ರೀ, ಮನಿ ಹಿರೇಸೊಸಿ ಬಸರಾದದ್ದು ಊರ ಮಂದಿ ಬಾಯಿಂದ ಕೇಳಬೇಕೇನು ನಾನು? ಹರಕಿ ಬ್ಯಾರೆ ಹೊತ್ತೀರಂತ! ನಾ ಬಸರಿದ್ದಾಗ ಒಂದು ಹೊತ್ತು ಉಪಾಸ ಇದ್ದಿದ್ರೇನು?"

"ಗೌರಾ, ಅದು ಹಂಗಲ್ಲ, ಡಬ್ಬಿ ಮುಚ್ಚಳ..."

"ಬಸ್ಸಿನ್ಯಾಗ ಅದೀನಿ. ಬಂದು ಮಾತಾಡತೀನಿ!"

ಶಂಕರಲಿಂಗನಿಗೆ ಈಗ ಹಸಿವೂ ಮರೆತಿತ್ತು. ಪಾಪ, ಆ ಹುಡುಗಿಯ ಮೇಲೆ ಇಲ್ಲದ ಸುದ್ದಿ ಹೊರಿಸಿಬಿಟ್ಟೆನಲ್ಲ, ನಾಳೆ ಎಲ್ಲರೂ ಅವಳನ್ನೇ ಕೇಳುತ್ತಾರಲ್ಲ ಎಂಬ ಸಂಕಟ. ಐದಕ್ಕೆ ಲಕ್ಷ್ಮಿಯ ಮುಂದಿದ್ದ ಗಂಟು ಎತ್ತಿಕೊಂಡು ರಾಯಪ್ಪನ ಮೋಟರ್‌ಸೈಕಲ್ ಹತ್ತಿ ಮನೆ ಮುಟ್ಟಿದರೆ ಅಂಗಳದ ತುಂಬ ಚಪ್ಪಲಿ. ಒಳಗೆ ಓಣಿಯ ಹೆಂಗಸರು, ಕಾರಖಾನೆಯಿಂದ ಮುಂಚೆಯೇ ಬಂದು ಅವರ ಮುಂದಾಳಾದ ದುರ್ಗವ್ವ, ಪ್ರತಿಯೊಬ್ಬರ ತಟ್ಟೆಯಲ್ಲೂ ಕೊಬ್ಬರಿ ಬಟ್ಟಲು. ಆಗಷ್ಟೇ ಬಸ್ಸಿಳಿದು ಬಂದಿದ್ದ ಗೌರವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಡುವೆ ಮಣೆಯ ಮೇಲೆ ರುತುಜಾ.

"ತಪ್ಪಾತವ್ವಾ," ಎಂದು ಶಂಕರಲಿಂಗ ಸೊಸೆಯ ಮುಂದೆ ನಿಂತ. "ನಾನು ಖರೇನ ಹೇಳಿದ್ನಿ, ಯಾರೂ ನಂಬಲಿಲ್ಲ. ಆಮ್ಯಾಲೆ ಒಂದ ಸುಳ್ಳ ಹೇಳಿದ್ನಿ, ಎಲ್ಲಾರೂ ನಂಬಿದ್ರು."

ರುತುಜಾ ಆ ಹಸಿರು ಗಂಟನ್ನು ನೋಡಿದಳು, ಮಾವನ ಮುಖ ನೋಡಿದಳು, ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೆಂಗಸರ ಮುಖ ಸಪ್ಪಗಾದವು. ದುರ್ಗವ್ವ ತಟ್ಟೆಯನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸತೊಡಗಿದಳು.

"ಅಯ್ಯ, ಎಲ್ಲಿ ಒಯ್ತೀರಿ ದುರ್ಗಕ್ಕಾ?" ರುತುಜಾ ಸೆರಗು ಚಾಚಿದಳು. "ಉಡಿ ತುಂಬಾಕ ಬಸರ ಆಗಬೇಕಂತ ಎಲ್ಲೈತಿ? ಮುತ್ತೈದಿ ಅದೀನಿ, ತುಂಬ್ರಿ! ನಮ್ಮ ಮಾಮಾರ ಆರು ತಿಂಗಳ ಫರಾಳ ಆತು."

ಮನೆಯೆಲ್ಲ ನಗೆಯಾಯಿತು. ಗೌರವ್ವ ಕೂಡ ನಕ್ಕು, ಮೊದಲ ಕೊಬ್ಬರಿ ತಾನೇ ಹಾಕಿ, ಸೊಸೆಯ ದೃಷ್ಟಿ ತೆಗೆದಳು. ಇಂಥ ಸೊಸೆ ಸಿಗಬೇಕಾದರೆ ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ ಎಂದು ಶಂಕರಲಿಂಗ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಆರಕ್ಕೆ ದವಾಖಾನೆಗೆ ಹೊರಟಾಗ ಯಾರೂ ಹಿಂದೆ ಉಳಿಯಲಿಲ್ಲ. ತಪ್ಪು ತನ್ನದೆಂದು ದುರ್ಗವ್ವ ಬಂದಳು, ಕಾವಲು ಇನ್ನೂ ಮುಗಿದಿಲ್ಲವೆಂದು ರಾಯಪ್ಪ ಬಂದ, ಸುದ್ದಿ ಕೇಳಿ ಬಾಪೂಸಾಹೇಬರೂ ಕಾರು ತಂದರು. ಡಾಕ್ಟರ್ ಜಿನಪಾಲ ಬೆರಳು ಹಿಡಿದರು. ರುತುಜಾ ಮಾವನ ಕಣ್ಣು ಮುಚ್ಚಿದಳು. ಚಿಟಕ್.

"ನೂರಾ ಹದಿನೆಂಟು! ಭೇಷ್ ಶಂಕರಲಿಂಗಪ್ಪಾರ! ಸಕ್ಕರೀಗೆ ಸೂಜಿ ಬ್ಯಾಡ!"

ರಾಯಪ್ಪ ಸೀಟಿ ಹೊಡೆದ. ಗೌರವ್ವ ದೇವರಿಗೆ ಕೈಮುಗಿದಳು. ಶಂಕರಲಿಂಗ ಎದ್ದು ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದಾಗ ಡಾಕ್ಟರು ಮೇಜಿನ ಮೇಲಿನ ಇನ್ನೊಂದು ಕಾಗದ ತೆಗೆದರು.

"ಕೂಡ್ರಿ, ಕೂಡ್ರಿ. ಮೊನ್ನೆ ಕೊಟ್ಟ ರಕ್ತದ ರಿಪೋರ್ಟ್ ಬಂದೈತಿ. ಬಿ-ಹನ್ನೆರಡು ವಿಟಮಿನ್ ತಳಾ ಹತ್ತೈತಿ ನೋಡ್ರಿ. ಮೊದಲ ಕಡಿಮಿ ಇದ್ದಿರಬೇಕು, ಹಾಲು ಮೊಸರಾನೂ ಬಿಟ್ಟಬಿಟ್ಟೀರಿ. ಆದಿಮಾನವ ಬೇಟಿ ಆಡತಿದ್ದ ಮಾರಾಯ್ರ, ಬರೇ ಕೊಬ್ಬರಿ ತಿಂದು ಬದುಕಿದವನಲ್ಲ. ಒಂದ ದಿನ ಬಿಟ್ಟು ಒಂದ ದಿನ ಐದು ಸೂಜಿ, ಆಮ್ಯಾಲೆ ವಾರಕ್ಕೊಂದು."

ಶಂಕರಲಿಂಗ ಕುರ್ಚಿಯ ಕೈ ಹಿಡಿದುಕೊಂಡ. "ಡಾಕ್ಟರ್ ಸಾಹೇಬ್ರ... ಸಕ್ಕರಿ ಇಳೀದಿದ್ರ ಏನು ಮಾಡತಿದ್ರಿ?"

"ಇಳೀದಿದ್ರ? ಗುಳಿಗಿ ಬದಲಿ ಮಾಡತಿದ್ನಿ. ಸೂಜಿ ಅಂದದ್ದು ನಿಮ್ಮನ್ನ ಹೆದರಸಾಕ."

ಕಂಪೌಂಡರ ಈ ಸಲ ಗೋಡೆಗೆ ಒರಗಿ ನಿಂತೇ ಔಷಧ ಏರಿಸತೊಡಗಿದ. ಶಂಕರಲಿಂಗ ಸುತ್ತ ನೋಡಿದ. ಬಲಗೈ ರಾಯಪ್ಪ ಹಿಡಿದಿದ್ದ, ಎಡಗೈ ಸಾಕ್ಷಾತ್ ಬಾಪೂಸಾಹೇಬರು. ಗೌರವ್ವ ಬೆನ್ನು ಸವರುತ್ತಿದ್ದಳು, ದುರ್ಗವ್ವ ಸೆರಗಿನಿಂದ ಗಾಳಿ ಹಾಕುತ್ತಿದ್ದಳು, ರುತುಜಾ ಮತ್ತೆ ಕಣ್ಣು ಮುಚ್ಚಲು ಅಂಗೈ ಮುಂದೆ ತಂದಿದ್ದಳು. ಒಬ್ಬ ಸಾಧಾರಣ ದಿವಾಣಜಿಯ ಸಲುವಾಗಿ ಇಷ್ಟು ಜನ! ಎದೆ ತುಂಬಿ ಬಂದು ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ಅಳಾಕ ಏನಾತ್ರೀ?" ಎಂದರು ಡಾಕ್ಟರ್ ಜಿನಪಾಲ. "ಇನ್ನೂ ಚುಚ್ಚೇ ಇಲ್ಲ."