ದೇವಿಂದ್ರಪ್ಪನವರ ಕಥೆಗಳಲ್ಲಿ ಬದುಕುಳಿದವರು

ಹುಮನಾಬಾದ ತಾಲ್ಲೂಕು ಹುಡಗಿ ಗ್ರಾಮದ ನಿವಾಸಿ ದೇವಿಂದ್ರಪ್ಪ, ವಯಸ್ಸು ಅರವತ್ತೆರಡು, ಹೈದರಾಬಾದಿನ ಕಂಪನಿಯೊಂದಕ್ಕೆ ಹತ್ತೊಂಬತ್ತು ಕೌಬಾಯ್ ಸಿನಿಮಾಗಳ ಚಿತ್ರಕಥೆ ಬರೆದಿರುತ್ತಾರೆ. ಅಮೆರಿಕ ನೋಡಿರುವುದಿಲ್ಲ. ತೆರೆಯ ಮೇಲೆ ಅವರ ಹೆಸರು ಒಮ್ಮೆಯೂ ಬಂದಿರುವುದಿಲ್ಲ. ಬಂದದ್ದೆಲ್ಲ ನಿರ್ಮಾಪಕರ ಅಳಿಯನದು.

ಅವರದು ದನ ಮೇಯಿಸುವ ಮನೆತನ. ಅವರ ಕೌಬಾಯ್‌ಗಳು ದನಗಳಿಗೆ ನೀರು ಕುಡಿಸದೆ ಗುಂಡು ಹಾರಿಸುತ್ತಿರಲಿಲ್ಲ. ಕೊನೆಯಲ್ಲಿ ಮನುಷ್ಯರೆಲ್ಲ ಸಾಯುತ್ತಿದ್ದರು, ದನ ಒಂದೂ ಸಾಯುತ್ತಿರಲಿಲ್ಲ. ಕಥೆಯಲ್ಲೇ ಆಗಲಿ, ದನ ಕೊಂದರೆ ಒಲೆ ಹೊತ್ತಿಸುವುದಿಲ್ಲವೆಂದು ಹೆಂಡತಿ ಚಂದಮ್ಮ ಮದುವೆಯಾದ ವರ್ಷವೇ ಹೇಳಿದ್ದಳು.

ಹಿರಿಯ ಚಿತ್ರಕಥೆಗಾರರಿಗೆ ಮಾಸಾಶನ ಘೋಷಣೆಯಾದಾಗ ದೇವಿಂದ್ರಪ್ಪನವರಿಗೆ ದುಡ್ಡಿಗಿಂತ ಆದೇಶಪತ್ರದ ಆಸೆ ಹುಟ್ಟಿತು. 'ಚಿತ್ರಕಥೆಗಾರ' ಎಂಬ ಪದದ ಪಕ್ಕ ತಮ್ಮ ಹೆಸರನ್ನು ಸಾಯುವುದರೊಳಗೆ ಒಮ್ಮೆ ಅಚ್ಚಿನಲ್ಲಿ ನೋಡಬೇಕಿತ್ತು. ಬಸವಕಲ್ಯಾಣದ ಪರಿಶೀಲನಾ ಉಪಸಮಿತಿಗೆ ಅರ್ಜಿ ಹಾಕಿದರು. ನಾಲ್ವರು ಸದಸ್ಯರಲ್ಲಿ ಒಬ್ಬರೂ ಸಿನಿಮಾ ನೋಡುವವರಲ್ಲ. ನಿಷ್ಪಕ್ಷಪಾತಕ್ಕೆ ಅದು ಅಗತ್ಯವೆಂದು ಸರ್ಕಾರ ಭಾವಿಸಿತ್ತು.

ಗುಮಾಸ್ತ ಅನೀಲಕುಮಾರ ನಿಯಮ ಹದಿನಾಲ್ಕನ್ನು ಓದಿ ಹೇಳಿದ: ತಾನೇ ಬರೆದೆನೆಂದು ಕಥೆಗಾರನೇ ಹೇಳುವುದು ಪುರಾವೆಯಾಗದು. ಕಥೆಯೊಳಗೆ ಕೊನೆಯವರೆಗೆ ಬದುಕಿದ ಒಂದು ಪಾತ್ರವಾದರೂ ಖುದ್ದು ಹಾಜರಾಗಿ ದೃಢೀಕರಿಸತಕ್ಕದ್ದು.

"ಯಾರು ಉಳದಾರ್ರಿ?"

"ದನ ಅಷ್ಟ ಉಳದಾವ್ರಿ," ಎಂದರು ದೇವಿಂದ್ರಪ್ಪ.

ಗುಮಾಸ್ತ ವಿಚಲಿತನಾಗಲಿಲ್ಲ. ಪಾತ್ರಕ್ಕೆ ಎಷ್ಟು ಕಾಲಿರಬೇಕೆಂದು ನಿಯಮ ಹೇಳುವುದಿಲ್ಲ. ಸಿನಿಮಾದಲ್ಲಿ ನಟಿಸಿದ್ದ ಎತ್ತು ಸತ್ತು ಇಪ್ಪತ್ತು ವರ್ಷವಾಯಿತಲ್ಲ ಎಂದರೆ ಅದಕ್ಕೂ ಅವನಲ್ಲಿ ಉತ್ತರವಿತ್ತು.

"ಪಾತ್ರಕ್ಕ ವಯಸ್ಸಾಗಂಗಿಲ್ರಿ. ಯಾವ ಎತ್ತಾದ್ರೂ ನಡೀತದ. ಹುಲಸೂರಾಗ ನಮ್ಮ ಭಾವ ಧರ್ಮೇಂದ್ರನ ಹಂತ್ಯಾಕ ಒಂದು ಅದ."

ಸೋಮವಾರ ಧರ್ಮೇಂದ್ರನ ಎತ್ತು ಟೆಂಪೊದಲ್ಲಿ ಬಂದಿಳಿಯಿತು. ಬಾಡಿಗೆ ಅರ್ಜಿದಾರರದು. ಗೊರಸಿಗೆ ಶಾಯಿ ಹಚ್ಚಿ ಮೂರು ಪ್ರತಿಗಳ ಮೇಲೆ ಒತ್ತಿಸಿದರು. ಎರಡನೆಯದನ್ನು ಎತ್ತು ತಿಂದಿತು. 'ಪ್ರತಿ ಸಂಬಂಧಪಟ್ಟವರಿಗೆ ತಲುಪಿದೆ' ಎಂದು ಉಪಸಮಿತಿ ನಡಾವಳಿಯಲ್ಲಿ ದಾಖಲಿಸಿತು.

ಮೂರು ತಿಂಗಳ ಮೇಲೆ ಆದೇಶ ಬಂತು. 'ಖುದ್ದು ಹಾಜರಾಗಿ ಗುರುತು ನೀಡಿರುವುದು ಎತ್ತು ಮಾತ್ರವಾದ್ದರಿಂದ ಮಾಸಾಶನವನ್ನು ಸದರಿ ಎತ್ತಿಗೆ, ಮಾಲೀಕ ಧರ್ಮೇಂದ್ರ ಅವರ ಖಾತೆಯ ಮೂಲಕ ಮಂಜೂರು ಮಾಡಲಾಗಿದೆ. ಚಿತ್ರಕಥೆಗಾರರು: ಎತ್ತು. ಮೇಯಿಸುವವರು: ದೇವಿಂದ್ರಪ್ಪ, ಸಾಕಿನ್ ಹುಡಗಿ ಗ್ರಾಮ. ಚಿತ್ರಕಥೆಗಾರರು ಸೊರಗಿದಲ್ಲಿ ಮೇಯಿಸುವವರ ಮೇಲೆ ಕ್ರಮ ಜರುಗಿಸಲಾಗುವುದು.'

ದೇವಿಂದ್ರಪ್ಪ ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಹೋದರು.

"ಬರದಾವ ನಾ ಇದ್ದೀನ್ರಿ."

"ಅಪೀಲ್ ಹೋಗ್ರಿ," ಎಂದ ಅನೀಲಕುಮಾರ ಸಮಾಧಾನದಿಂದ. "ಆದ್ರ ಎತ್ತಿನ ಒಪ್ಪಿಗಿ ಬೇಕಾಗ್ತದ."

ಊರಿನವರು ಅಭಿನಂದಿಸಿದರು. ಚಂದಮ್ಮ ಆದೇಶವನ್ನು ಪೂರ್ತಿ ಓದಿಸಿ ಕೇಳಿ, ದಿನಕ್ಕೆ ಎಷ್ಟು ಕಣಿಕೆ ಮೇವು ಬೇಕಾದೀತೆಂದು ಮಾತ್ರ ವಿಚಾರಿಸಿದಳು. ಮರುವಾರ ಎತ್ತು ಹುಲಸೂರಿನಿಂದ ಬಂದು ಅವರ ಕೊಟ್ಟಿಗೆಯಲ್ಲೇ ಉಳಿಯಿತು.

ತಾಲ್ಲೂಕು ಮಟ್ಟದ ಸನ್ಮಾನದಲ್ಲಿ ಎತ್ತಿಗೆ ಶಾಲು ಹೊದಿಸಿ ಹಾರ ಹಾಕಿದರು. ದೇವಿಂದ್ರಪ್ಪ ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಚಿತ್ರಕಥೆಗಾರರು ತಮ್ಮ ಬರವಣಿಗೆಯ ಕುರಿತು ಎರಡು ಮಾತಾಡಬೇಕೆಂದು ನಿರೂಪಕರು ವಿನಂತಿಸಿದರು. ಸಭೆ ಗಂಭೀರವಾಯಿತು. ದೇವಿಂದ್ರಪ್ಪ ಮುಂದೆ ಬಂದು, ಮೈಕನ್ನು ತೆಗೆದುಕೊಂಡು, ಎತ್ತಿನ ಬಾಯಿಯ ಹತ್ತಿರ ಹಿಡಿದರು.