ಬೀಗ ಹಾಕಿದ ಹೆರಿಗೆ ಆಸ್ಪತ್ರೆ

ಹೆಣ್ಣುಮಗಳೊಬ್ಬಳು ದುಡಿದು ದಾನಕ್ಕೆ ಕೈಹಾಕಿದರೆ ಊರು ಅವಳಿಗೆ ಬೇಸರವಾಗಲು ಬಿಡುವುದಿಲ್ಲ. ಒಂದಿಲ್ಲೊಂದು ನಡೆಸುತ್ತಲೇ ಇರುತ್ತದೆ. ಅರವತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ಶೇಂಗಾ ಎಣ್ಣೆ ಗಿರಣಿಯೊಂದರಲ್ಲಿ ಕಾರಕೂನನಾಗಿದ್ದೆ. ಮಾಲಕರು ತೀರಿಕೊಂಡ ಮೇಲೆ ಅವರ ಹೆಂಡತಿಯೇ ಗಿರಣಿ ನಡೆಸಿ ದೊಡ್ಡದು ಮಾಡಿದ್ದರು. ನಮಗೆಲ್ಲ ಅವರು ಅಕ್ಕಾರು.

ಗಂಡಸರ ಮಾತು

ಪರವೂರಿನ ವ್ಯಾಪಾರಿಯೊಬ್ಬ ಬಂದು ಅಕ್ಕಾರನ್ನೇ ಕೇಳಿದ: "ಮಾಲಕರು ಎಲ್ಲಿದಾರ್ರಿ?"

"ನಾನ ರೀ."

"ಅಲ್ರಿ, ಗಂಡಸರ್ಯಾರೂ ಇಲ್ಲೇನ್ರಿ?"

ಅಕ್ಕಾರು ನನ್ನತ್ತ ಕೈ ಮಾಡಿದರು. "ಇದಾರಲ್ರಿ. ಇವರಿಗೇನೂ ಗೊತ್ತಿಲ್ಲ. ಮಾತಾಡ್ರಿ."

ಆತ ಊಟದ ಹೊತ್ತಿನವರೆಗೂ ನನ್ನೊಡನೆ ಮಾತಾಡಿ, ಸಮಾಧಾನದಿಂದ ಹೋದ.

ತಾರೀಖು

ಧಾರವಾಡದ ಹತ್ತಿರದ ಮುಗದ ಹಳ್ಳಿಗೆ ಕೊಟ್ಟಿದ್ದ ಅಕ್ಕಾರ ಒಬ್ಬಳೇ ಮಗಳು, ಹೆರಿಗೆ ನೋವಿನಲ್ಲಿ ಧಾರವಾಡಕ್ಕೆ ಬರುವಾಗ ಎತ್ತಿನ ಚಕ್ಕಡಿಯಲ್ಲೇ ತೀರಿಕೊಂಡಳು. ಅಕ್ಕಾರು ಮುಗದದಲ್ಲೇ ಹೆರಿಗೆ ಆಸ್ಪತ್ರೆ ಕಟ್ಟಿಸಿದರು. ಇನ್ನೊಬ್ಬಳು ದಾರಿಯಲ್ಲಿ ಸಾಯಬಾರದು ಎಂಬುದಷ್ಟೇ ಅವರ ಹಟ. ಕಬ್ಬಿಣದ ಕಾಟುಗಳು ಬಂದವು, ನರ್ಸಬಾಯಿ ಬಂದರು. ಆಸ್ಪತ್ರೆ ನೋಡಿಕೊಳ್ಳಲು ಊರವರು ಮಾಡಿದ್ದ ಕಮಿಟಿಯವರು ಬಂದು, ಉದ್ಘಾಟನೆ ಆಗಿಲ್ಲವೆಂದು ಬೀಗ ಹಾಕಿದರು.

"ಮಂತ್ರಿಗಳು ತಾರೀಖು ಕೊಡಬೇಕಲ್ರಿ ಅಕ್ಕಾರ," ಎಂದರು ಕಮಿಟಿ ಅಧ್ಯಕ್ಷರು.

"ಹೆರಿಗಿಗೆ ಯಾರು ತಾರೀಖು ಕೊಡ್ತಾರ್ರಿ?"

ಅಧ್ಯಕ್ಷರು ಯೋಚಿಸಿದರು. "ಅದನ್ನೂ ಮಂತ್ರಿಗಳ ಗಮನಕ್ಕ ತರ್ತೇವ್ರಿ."

ದೀಪ

ತಾರೀಖು ಸಿಕ್ಕಿತು. ಅಧ್ಯಕ್ಷರು ಮತ್ತೆ ಬಂದು ಬಹಳ ಹೊತ್ತು ಕೆಮ್ಮಿದರು. "ತಪ್ಪು ತಿಳೀಬ್ಯಾಡ್ರಿ. ದೀಪ ಮುತ್ತೈದಿ ಕೈಲೇ ಹಚ್ಚಿಸಬೇಕಂತ ಮಂದಿ ಅಂತಾರ. ತಾವು ಹಿಂದಿನ ಸಾಲಿನ್ಯಾಗ ಕೂತರ ಛಲೋ."

"ಎಣ್ಣಿ ನಂದು ನಡೀತದೇನ್ರಿ?"

"ಎಣ್ಣಿ ನಡೀತದ್ರಿ," ಎಂದರು ಅಧ್ಯಕ್ಷರು, ದೊಡ್ಡ ಭಾರ ಇಳಿದವರಂತೆ.

ಉದ್ಘಾಟನೆ

ಆ ದಿನ ಬೀಗ ತೆಗೆದು ಬಾಗಿಲಿಗೆ ಕೆಂಪು ಪಟ್ಟಿ ಕಟ್ಟಿ ಎಲ್ಲರೂ ಮಂತ್ರಿಗಳ ದಾರಿ ಕಾಯುತ್ತಿದ್ದೆವು. ಬಂದದ್ದು ಚಕ್ಕಡಿ. ಒಳಗೆ ಬಸುರಿ ನರಳುತ್ತಿದ್ದಳು.

"ಸ್ವಲ್ಪ ತಡ್ಕೋರಿ," ಅಧ್ಯಕ್ಷರು ಚಕ್ಕಡಿಗೆ ಕೈ ಅಡ್ಡ ಹಿಡಿದರು. "ಸಾಹೇಬರು ಧಾರವಾಡ ಬಿಟ್ಟಾರಂತ."

ಹಿಂದಿನ ಸಾಲಿನಿಂದ ಅಕ್ಕಾರು ಎದ್ದು ಬಂದರು. ಮಂತ್ರಿಗಳಿಗೆಂದು ತಟ್ಟೆಯಲ್ಲಿಟ್ಟಿದ್ದ ಕತ್ತರಿ ತೆಗೆದುಕೊಂಡು ಪಟ್ಟಿ ಕತ್ತರಿಸಿದರು. "ಬಾ ತಂಗಿ, ಒಳಗ ನಡಿ." ಅಕ್ಕಾರೂ ನರ್ಸಬಾಯಿಯೂ ಅವಳನ್ನು ಹಿಡಿದುಕೊಂಡು ಒಳಗೆ ಹೋದರು.

ಅಧ್ಯಕ್ಷರು ಬಾಗಿಲು ಮುಂದೆ ಮಾಡಿ, ಪಟ್ಟಿಗೆ ಗಂಟು ಹಾಕಿ ಮತ್ತೆ ಕಟ್ಟಿದರು.

ಮಂತ್ರಿಗಳು ಬಂದಾಗ ಹೊತ್ತು ಇಳಿದಿತ್ತು. ಗಂಟಿನ ಪಕ್ಕದಲ್ಲಿ ಕತ್ತರಿಸಿ, ಚಪ್ಪಾಳೆಯ ನಡುವೆ ಬಾಗಿಲು ತಳ್ಳಿದರು. ಒಳಗೆ ಕೂಸು ಅಳುತ್ತಿತ್ತು. ಅಕ್ಕಾರು ಅದನ್ನು ಎತ್ತಿಕೊಂಡು, ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು.

"ಇದೇನ್ರಿ?" ಎಂದರು ಮಂತ್ರಿಗಳು.

ಅಧ್ಯಕ್ಷರು ಕೈಮುಗಿದರು.

"ಟ್ರಾಯಲ್ ನೋಡಿದ್ವಿರಿ, ಸಾಹೇಬರ."