ಅಡುಗೆಮನೆಯ ಅರಗಿನ ಮುದ್ರೆ

ಇಂದ:
ಕೃಷ್ಣಸ್ವಾಮಿ, ಪ್ರಾಥಮಿಕ ಶಾಲಾ ಉಪಾಧ್ಯಾಯ, ಅಜ್ಜಂಪುರ
(ಅಡುಗೆಮನೆಯೊಂದನ್ನು ಬಿಟ್ಟು ಉಳಿದ ಮನೆಯ ಮಾಲೀಕ)

ಗೆ:
ವಿಶೇಷಾಧಿಕಾರಿಗಳು, ಜಪ್ತಿ ಮಾಲು ವಿಲೇವಾರಿ ವಿಭಾಗ
ಕ್ಯಾಂಪ್: ಎಲ್ಲಿದ್ದಾರೋ ಅಲ್ಲಿ

ವಿಷಯ: ಸರ್ಕಾರಿ ಮುದ್ರೆ ಒಡೆದು ಹಾಲುಕ್ಕಿಸಿದ ಆಪಾದನೆಗೆ ಸಮಜಾಯಿಷಿ.

ಉಲ್ಲೇಖ: 1. ಅರ್ಜಿದಾರನ ಆರು ಅರ್ಜಿಗಳು (ಉತ್ತರ ಬಂದಿಲ್ಲ).
2. ತಮ್ಮ ನೋಟೀಸು, ದಿನಾಂಕ 20-5-1983 (ಒಂದೇ ದಿನದಲ್ಲಿ ಬಂದಿದೆ).

ಮಾನ್ಯರೇ,

1. ಅರ್ಜಿದಾರನ ತಾಯಿ ಕಾಂತಮ್ಮನವರು ಮೂವತ್ತೊಂದು ವರ್ಷ ತರೀಕೆರೆಯಲ್ಲಿ ಹೆರವರ ಮನೆಗಳಲ್ಲಿ ಅಡುಗೆ ಮಾಡಿ ಮಗನನ್ನು ಓದಿಸಿದರು. ಊರಿನ ಅರ್ಧ ಒಲೆಗಳ ಗುಣ ಅವರಿಗೆ ತಿಳಿದಿತ್ತು. ತಮ್ಮದೆಂಬ ಒಲೆ ಮಾತ್ರ ಇರಲಿಲ್ಲ. ಆ ಕಾರಣ ಕಳೆದ ಜನವರಿಯಲ್ಲಿ ಅರ್ಜಿದಾರನು ಅಜ್ಜಂಪುರದ ನಂಜುಂಡಪ್ಪನವರಿಂದ ಹಳೆಯ ಹೆಂಚಿನ ಮನೆಯೊಂದನ್ನು ಕ್ರಯಕ್ಕೆ ಪಡೆದನು.

2. ಸದರಿ ಮನೆಯ ಅಡುಗೆಮನೆಗೆ ತಮ್ಮ ವಿಭಾಗವು 1979ರಲ್ಲೇ ಬೀಗ ಹಾಕಿ ಅರಗಿನ ಮುದ್ರೆ ಒತ್ತಿತ್ತು. ಒಳಗಿದ್ದದ್ದು ಹಿಂದಿನ ಬಾಡಿಗೆದಾರ ಕಳ್ಳಭಟ್ಟಿಗೆಂದು ಕೂಡಿಟ್ಟಿದ್ದ ಹದಿನೆಂಟು ಮೂಟೆ ಬೆಲ್ಲ. "ಅದೇನ್ ದೊಡ್ ವಿಚಾರ ಅಲ್ಲ ಕಣ್ರೀ ಮೇಷ್ಟ್ರೇ, ಒಂದ್ ಅರ್ಜಿ ಕೊಟ್ರೆ ಬಂದು ಹೊತ್ಕೊಂಡ್ ಹೋಗ್ತಾರೆ" ಎಂದರು ನಂಜುಂಡಪ್ಪನವರು. ಶಾಲೆಯಲ್ಲಿ ಅರ್ಜಿ ಬರೆಯುವುದನ್ನು ಕಲಿಸುವವನೇ ಆದ ಕಾರಣ ಅರ್ಜಿದಾರನು ನಂಬಿದನು.

3. ಆದ್ದರಿಂದ ಮನೆ ಸಜ್ಜು ಮಾಡುವ ಕೆಲಸ ಶುರುವಾಯಿತು. ಹೆಂಚು ಕೈಯಾಡಿಸಿದ್ದಾಯಿತು, ಬಾವಿಯ ಹೂಳು ತೆಗೆಸಿದ್ದಾಯಿತು. ಸುಣ್ಣ ಬಳಿಯುವ ಮುದ್ದಪ್ಪ ಮಾತ್ರ ಮೂರನೇ ದಿನ ಕುಂಚ ಕೆಳಗಿಟ್ಟ. ಅಡುಗೆಮನೆಯ ಸಂದಿಯಿಂದ ಹೊರಟ ಇರುವೆ ಸಾಲು ಬೀದಿಬಾಗಿಲು ದಾಟಿತ್ತು. "ನಾನು ಗೋಡೆಗೆ ಸುಣ್ಣ ಹೊಡೀತಿಲ್ಲ ಮೇಷ್ಟ್ರೇ, ಇರುವೆಗೆ ಹೊಡೀತಿದ್ದೀನಿ" ಎಂದ.

4. ಅರ್ಜಿದಾರನು ತಮ್ಮ ಕಚೇರಿಗೆ ಆರು ಬಾರಿ ಬಂದನು. ಆರು ಬಾರಿಯೂ ತಾವು ಕ್ಯಾಂಪಿನಲ್ಲಿದ್ದಿರಿ. ಜವಾನ ರೇವಣಪ್ಪನವರು ಮಾತ್ರ ಪ್ರತಿ ಸಲವೂ ಸೌಜನ್ಯದಿಂದ, "ಕೊಟ್ಟೋಗಿ ಸಾರ್, ಹಳೇವಕ್ಕೂ ಒಂದು ಜೊತೆ ಆಗುತ್ತೆ" ಎಂದು ಅರ್ಜಿ ಇಸಿದುಕೊಂಡರು.

5. ಮೇ 19ರ ಗುರುವಾರ ಗೃಹಪ್ರವೇಶ. ಪುರೋಹಿತರು ನಡುಮನೆಯಲ್ಲೇ ಹಾಲುಕ್ಕಿಸಿ ಎಂದರು. ತಾಯಿ ಒಪ್ಪಲಿಲ್ಲ. "ನಡುಮನೇಲಿ ಒಲೆ ಹೂಡೋದು ಛತ್ರದಲ್ಲಿ ಕಣೋ. ಛತ್ರ ಬೇಕಾದಷ್ಟು ನೋಡಿದ್ದೀನಿ" ಎಂದು ಎದ್ದು ಹೋಗಿ ಬಾಗಿಲಿಗೆ ಹೆಗಲು ಕೊಟ್ಟರು. ಚೌಕಟ್ಟನ್ನು ಗೆದ್ದಲು ಎಂದೋ ತಿಂದಿದ್ದ ಕಾರಣ ಬಾಗಿಲು ಬೀಗದ ಸಮೇತ ಒಳಕ್ಕೆ ಮಲಗಿತು. ಮುದ್ರೆಗೆ ಕೂದಲಷ್ಟೂ ಊನವಾಗಿಲ್ಲ. ಒಡೆದದ್ದು ಮನೆ ಮಾತ್ರ.

6. ಒಳಗೆ ಹದಿನೆಂಟು ಖಾಲಿ ಗೋಣಿಚೀಲಗಳಿದ್ದವು. ಮಾಲು ಸರ್ಕಾರದ ಸುಪರ್ದಿನಲ್ಲಿದ್ದುಕೊಂಡೇ ಖರ್ಚಾಗಿದೆ. ಈ ಬಗ್ಗೆ ಇರುವೆಗಳ ಹೇಳಿಕೆ ಪಡೆಯಲಾಗಿಲ್ಲ.

7. ತಾಯಿ ಚೀಲಗಳನ್ನು ಹೊರಗೆಸೆದು, ನೆಲ ಸಾರಿಸಿ, ಒಲೆಯ ಮುಂದೆ ಕುಳಿತರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡು ಅರ್ಜಿದಾರನು ಏನಮ್ಮ ಎಂದನು. "ಹೊಗೆ ಕಣೋ" ಎಂದರು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

8. ನಾಲ್ಕು ವರ್ಷ ದಾರಿ ತಿಳಿಯದಿದ್ದ ತಮ್ಮ ತನಿಖಾದಾರರು ಮರುದಿನ ಬೆಳಿಗ್ಗೆ ಹತ್ತಕ್ಕೆಲ್ಲ ಬಂದರು. ಬಾಗಿಲು ಕೆಡವಿದವರು ಯಾರೆಂದು ಕೇಳಿದರು. ಅರ್ಜಿದಾರನು ಬಾಯಿ ತೆರೆಯುವುದರೊಳಗೆ ತಾಯಿ, "ನಾನು ಕಣಪ್ಪಾ. ಕಾಂತಮ್ಮ ಅಂತ ಬರ್ಕೋ. ವಯಸ್ಸು ಎಪ್ಪತ್ತೆರಡು" ಎಂದರು. 27ನೇ ತಾರೀಕು ಕಚೇರಿಯಲ್ಲಿ ಖುದ್ದು ಹಾಜರಾಗಬೇಕೆಂದು ನೋಟೀಸು ಕೊಟ್ಟಾಗ, "ಈಗ ತಾನೇ ಒಲೆ ಸಿಕ್ಕಿದೆ, ಬಿಟ್ಟು ಎಲ್ಲಿಗೂ ಬರಲ್ಲ" ಎಂದು ಸಾರಿಗೆ ಒಗ್ಗರಣೆ ಹಾಕಲು ಹೋದರು.

ಆದ್ದರಿಂದ, ಆಪಾದಿತರು ಬರಲು ನಿರಾಕರಿಸಿರುವ ಕಾರಣ, ವಿಚಾರಣೆಯನ್ನು ಸದರಿ ಅಡುಗೆಮನೆಯಲ್ಲೇ ನಡೆಸಬೇಕಾಗಿ ವಿನಂತಿ.

ತಮ್ಮ ಮುದ್ರೆಯನ್ನು ನಾಲ್ಕು ತಿಂಗಳು ಕಾದ ವಿಶ್ವಾಸಿ,
ಕೃಷ್ಣಸ್ವಾಮಿ
23-5-1983

ಲಗತ್ತುಗಳು:
1. ಖಾಲಿ ಚೀಲ, 18.
2. ಬೀಗ ಹಾಗೂ ಮುದ್ರೆ ಸಮೇತ ಬಾಗಿಲು, 1 (ಎತ್ತಿನ ಗಾಡಿಯಲ್ಲಿ ಬರುತ್ತಿದೆ).

ಷರಾ: ವಿಚಾರಣೆಗೆ ಎಷ್ಟು ಮಂದಿ ಬರುತ್ತೀರೆಂದು ಹಿಂದಿನ ದಿನವೇ ತಿಳಿಸತಕ್ಕದ್ದು. ತಾಯಿಯವರು ಅಕ್ಕಿ ಅಳೆಯಬೇಕಾಗಿದೆ.